ಹಾಸು ಹಾಸುವ ಬೀದಿಗೆ ಗಾಳಿಯಂತ್ರದ ರೆಕ್ಕೆ ಬಂದದ್ದು

ನಮ್ಮ ಬೀದಿಯಲ್ಲಿ ಯಾವ ಕೆಲಸ ಎಷ್ಟೇ ಗಂಭೀರವಾಗಿ ಶುರುವಾದರೂ ಮಧ್ಯಾಹ್ನದ ಊಟದ ಹೊತ್ತಿಗೆ ಅದು ನಗೆಪಾಟಲಾಗಿರುತ್ತದೆ. ನೀರಿನ ದೋಷವೋ ಗಾಳಿಯ ದೋಷವೋ ನನಗೆ ಗೊತ್ತಿಲ್ಲ. ಕೊಳ್ಳೇಗಾಲದಿಂದ ಮದುವೆಯಾಗಿ ಇಲ್ಲಿಗೆ ಬಂದವಳು ಮೊಮ್ಮಕ್ಕಳನ್ನೂ ಕಂಡಾಯಿತು, ಒಂದೇ ಒಂದು ಕೆಲಸ ನೆಟ್ಟಗೆ ಮುಗಿದದ್ದು ಕಂಡಿಲ್ಲ. ಅಂಥದರಲ್ಲಿ ಪರದೇಶದ ಕಂಪನಿಯನ್ನು ಓಡಿಸುವ ಹೋರಾಟ ಕೈಗೆತ್ತಿಕೊಂಡರೆ ಕೇಳಬೇಕೆ!

ಮೊದಲು ಬೀದಿಯ ವಿಷಯ ಹೇಳಿಬಿಡುತ್ತೇನೆ. ತಮಿಳು ಸೀಮೆಯ ನೆಗಮಂ ಪಕ್ಕದ ಸಣ್ಣ ಊರಿನಲ್ಲಿ ನಮ್ಮದು ನೇಕಾರರ ಬೀದಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಒಳಗಿನ ಕನ್ನಡದ ಕಥೆಯೂ ಅಷ್ಟರಲ್ಲೇ ಇದೆ. 'ಮಾತಾಡು' ಎನ್ನುವ ಕಡೆ 'ಪೇಸು' ಎನ್ನುತ್ತಾರೆ, 'ಪಾಪ' ಎನ್ನುವ ಕಡೆ 'ಪಾವಂ' ಎನ್ನುತ್ತಾರೆ, ಅದು ಅಪ್ಪಟ ಕನ್ನಡವೆಂದು ನನ್ನ ಮೇಲೆಯೇ ಜಗಳಕ್ಕೆ ಬರುತ್ತಾರೆ. ಓದಲು ಬರೆಯಲು ಎಲ್ಲರಿಗೂ ತಮಿಳೇ. ಬೀದಿಗೆಲ್ಲ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳು.

ಬೀದಿ ಮಾತ್ರ ದಾರ ಹಿಡಿದು ಎಳೆದಷ್ಟು ನೇರ. ಹಿರಿಯರು ಅದನ್ನು ಬೇಕೆಂದೇ ಹಾಗೆ ಮಾಡಿದರು. ಸೀರೆಯ ಉದ್ದನೂಲಿಗೆ ಹಾಸು ಎನ್ನುತ್ತೇವೆ. ಬೆಳಗಿನ ಜಾವ ಆ ಹಾಸನ್ನು ಬೀದಿಯಲ್ಲಿ ಉದ್ದಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಬ್ರಷ್ಷಿನಲ್ಲಿ ತೀಡಿ, ಎಳೆಬಿಸಿಲಿಗೆ ಒಣಗಿಸಬೇಕು. ಗಂಜಿ ಹಿಡಿಯದ ನೂಲು ಮಗ್ಗದ ಮೇಲೆ ಪಟಪಟ ಹರಿಯುತ್ತದೆ. ಬೀದಿ ಇಲ್ಲ ಅಂದರೆ ಹಾಸು ಇಲ್ಲ, ಹಾಸು ಇಲ್ಲ ಅಂದರೆ ಮಗ್ಗ ಇಲ್ಲ, ಮಗ್ಗ ಇಲ್ಲ ಅಂದರೆ ಒಲೆ ಉರಿಯುವುದಿಲ್ಲ.

ಊರಾಚೆಯ ಬಯಲಿನಲ್ಲಿ ಪರದೇಶದ ಕಂಪನಿಯೊಂದು ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಕಟ್ಟಿತು. ಒಂದೊಂದು ರೆಕ್ಕೆ ನಮ್ಮ ಬೀದಿಯ ಅರ್ಧದಷ್ಟು ಉದ್ದ. ಅದನ್ನು ಹೊತ್ತ ಲಾರಿಗೆ ತಿರುವಿನಲ್ಲಿ ತಿರುಗಲು ಆಗದು. ಪಲ್ಲಡಂ ರಸ್ತೆಗೆ ಸೇರಲು ನೇರವಾದ ದಾರಿ ಯಾವುದೆಂದು ಅಳೆದೂ ಅಳೆದೂ ಕೊನೆಗೆ ನಮ್ಮ ಬೀದಿಗೆ ಬಂದು ನಿಂತರು. ಕಾಲುವೆ ಪಕ್ಕ ಇನ್ನೊಂದು ದಾರಿ ಇತ್ತು. ಅದು ಸುತ್ತು, ಸೇತುವೆ ಬೇರೆ ಅಗಲ ಮಾಡಬೇಕು ಎಂದು ಬಿಟ್ಟರು. ನಮ್ಮ ಜಗಲಿಗಳನ್ನು ಒಡೆಯುತ್ತಾರಂತೆ, ದಿನಾ ಬೆಳಗಿನ ಹೊತ್ತು, ಜನಸಂಚಾರ ಕಡಿಮೆ ಇರುವಾಗ, ಲಾರಿ ಬಿಡುತ್ತಾರಂತೆ. ಅಂದರೆ ನಾವು ಹಾಸು ಹಾಸುವ ಹೊತ್ತಿಗೆ ಸರಿಯಾಗಿ. ನಮಗೆ ಕಾರ್ಖಾನೆಯ ಮೇಲೆ ಹಗೆಯೇನೂ ಇಲ್ಲ. ಕಾಲುವೆ ದಾರಿಯಲ್ಲಿ ಹೋಗಿ ಮಹಾರಾಯರೇ ಎನ್ನುವುದು ಅಷ್ಟೇ ನಮ್ಮ ಮಾತು. ಆದರೆ ಅಷ್ಟು ಸಣ್ಣ ಮಾತು ಯಾರಿಗೆ ಬೇಕು?

೧. ಖಾಲಿ ಜಾಗ

ಹೋರಾಟಕ್ಕೊಂದು ಸಮಿತಿ ಆಯಿತು. ಅಧ್ಯಕ್ಷರು ಸೈಟು ಮಾರುವವರು. ಬಿಳಿ ಷರಟು, ಬಿಳಿ ಪಂಚೆ, ಜೇಬಿನಲ್ಲಿ ಹೊರಗೆ ಕಾಣುವ ಹಾಗೆ ಎರಡು ಫೋನು. ನಮ್ಮನೆಯವರನ್ನೂ ಸೇರಿಸಿಕೊಂಡರು, ಯಾಕೆಂದರೆ ಕುರ್ಚಿ ಹಾಕಲು ಒಬ್ಬರು ಬೇಕಿತ್ತು.

ಮೊದಲ ಸಭೆ ನಮ್ಮ ಜಗಲಿಯ ಮೇಲೇ ನಡೆಯಿತು. ನಮ್ಮನೆಯವರು ಮೆಲ್ಲಗೆ ಹೇಳಿದರು: "ಅಣ್ಣಾ, ಬ್ಯಾನರಿನಲ್ಲಿ 'ಬೀದಿ ಉಳಿಸಿ' ಅಂತ ಹಾಕ್ಸೋಣ."

ಅಧ್ಯಕ್ಷರು ಮುಖ ಕಿವುಚಿದರು. "ಬೀದಿ ಗೀದಿ ಅಂದ್ರೆ ಪೇಪರಿನವನು ಬರ್ತಾನೇನಪ್ಪಾ? ಪರದೇಶದವನು ಅನ್ನಬೇಕು. ದೇಶದ ಹೆಸರು ಹಾಕಬೇಕು. 'ಇಂಥಾ ದೇಶದ ಕಂಪನಿಯೇ, ನಮ್ಮ ಮಣ್ಣು ಬಿಟ್ಟು ಓಡು!' ಹೆಂಗಿದೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ಯಾನರ್ ಅಂಗಡಿಯವನಿಗೆ ಫೋನು ಹಾಕಿದರು. ಆತ ಒಂದೇ ಪ್ರಶ್ನೆ ಕೇಳಿದ: "ಯಾವ ದೇಶ?"

ಒಬ್ಬರು ಜರ್ಮನಿ ಎಂದರು, ಯಂತ್ರ ಅಂದಮೇಲೆ ಜರ್ಮನಿಯೇ ಇರಬೇಕು ಎಂಬ ಲೆಕ್ಕ. ಇನ್ನೊಬ್ಬರು ಚೀನಾ ಎಂದರು, ಈಗ ಏನೇ ಬಂದರೂ ಅಲ್ಲಿಂದಲೇ ಅಲ್ಲವೇ ಎಂದು. ಹಾಲಿನ ಸೊಸೈಟಿಯವರು ಡೆನ್ಮಾರ್ಕ್ ಎಂದು ಬಲವಾಗಿ ಹೇಳಿದರು. "ಹೆಂಗೆ ಗೊತ್ತು?" ಎಂದರೆ, "ಮ್ಯಾನೇಜರು ನಮ್ಮನೆಗೆ ಬಿಸ್ಕತ್ತಿನ ಡಬ್ಬಿ ಕಳಿಸಿದ್ರು, ಅದರ ಮೇಲೆ ಬರೆದಿತ್ತು" ಎಂದರು. ಹೋರಾಟ ಶುರುವಾಗುವ ಮೊದಲೇ ಡಬ್ಬಿ ಬಂದದ್ದು ಹೇಗೆ ಎಂದು ಯಾರೂ ಕೇಳಲಿಲ್ಲ.

"ಅಂಗಡಿ ಮುಚ್ಚೋ ಹೊತ್ತಾಯ್ತು, ಬೇಗ ಹೇಳಿ," ಎಂದು ಆ ಕಡೆಯಿಂದ ಒತ್ತಾಯ. "ಆ ಜಾಗ ಖಾಲಿ ಬಿಡು, ಆಮೇಲೆ ಬರೆದುಕೊಳ್ತೀವಿ," ಎಂದರು ಅಧ್ಯಕ್ಷರು.

ಬ್ಯಾನರು ಬಂತು. ಮುಕ್ಕಾಲು ಭಾಗ ಅಧ್ಯಕ್ಷರು ಕೈ ಮುಗಿದುಕೊಂಡು ನಿಂತ ಫೋಟೋ. ಉಳಿದ ಜಾಗದಲ್ಲಿ, ತಮಿಳಿನಲ್ಲಿ, ಮೊದಲು ಒಂದು ಖಾಲಿ ಗೆರೆ, ಆಮೇಲೆ 'ಕಂಪನಿಯೇ, ನಮ್ಮ ಮಣ್ಣು ಬಿಟ್ಟು ಓಡು!' ಅದನ್ನು ಬಸ್‌ಸ್ಟಾಂಡಿನಲ್ಲಿ ಕಟ್ಟಿದರು. ಮಾರನೆಯ ಬೆಳಿಗ್ಗೆ ನೋಡಿದರೆ ಯಾರೋ ಪುಣ್ಯಾತ್ಮರು ಖಾಲಿ ಗೆರೆಯಲ್ಲಿ ಇದ್ದಿಲಿನಿಂದ ಪಕ್ಕದೂರಿನ ಹೆಸರು ಬರೆದುಬಿಟ್ಟಿದ್ದಾರೆ! ಬಸ್ಸು ಎಲ್ಲಿ ನಿಲ್ಲಬೇಕು ಎಂಬ ವಿಷಯಕ್ಕೆ ಆ ಊರಿಗೂ ನಮ್ಮೂರಿಗೂ ಹಳೆಯ ಜಗಳ.

ಮಧ್ಯಾಹ್ನದೊಳಗೆ ಅವರು ವ್ಯಾನು ಮಾಡಿಕೊಂಡು ಬಂದು ನಡುರಸ್ತೆಯಲ್ಲಿ ಕೂತರು. ಈ ಹೋರಾಟದಲ್ಲಿ ನಡೆದ ಮೊಟ್ಟಮೊದಲ ರಸ್ತೆ ತಡೆ ನಮ್ಮ ವಿರುದ್ಧವೇ ಆಯಿತು.

೨. ಬಾಡಿಗೆ ಗಾಳಿ

ಆಮೇಲೆ ಸರ್ಕಾರದವರು ಜನರ ಅಭಿಪ್ರಾಯ ಕೇಳುವ ಸಭೆ ಇಟ್ಟರು. ಕಲ್ಯಾಣ ಮಂಟಪ ತುಂಬಿಹೋಗಿತ್ತು. ಹಿಂದಿನ ವಾರ ಅಲ್ಲೊಂದು ಮದುವೆ ಆಗಿತ್ತು, ವೇದಿಕೆಯ ಮೇಲಿನ ಥರ್ಮಾಕೋಲಿನ ಹಂಸಗಳನ್ನು ಯಾರೂ ತೆಗೆದಿರಲಿಲ್ಲ. ಜಿಲ್ಲೆಯಿಂದ ಬಂದ ಅಧಿಕಾರಿ ಎರಡು ಹಂಸಗಳ ನಡುವೆ ಮದುಮಗನ ಹಾಗೆ ಕೂತರು.

ನಮ್ಮನೆಯವರು ಹಿಂದಿನ ದಿನವೆಲ್ಲ ಮಗ್ಗದಲ್ಲಿ ಲಾಳಿ ಎಸೆಯುತ್ತಾ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದರು. ಧೈರ್ಯ ಮಾಡಿ ಎದ್ದು ನಿಂತರು. "ಸಾರ್, ನಮ್ಮ ಬೀದಿಯಲ್ಲಿ ಲಾರಿ ಬಂದ್ರೆ..."

"ಇವತ್ತು ಪರಿಸರದ ವಿಷಯ ಮಾತ್ರ," ಎಂದರು ಅಧಿಕಾರಿ. "ಬೀದಿ ರಸ್ತೆ ಇಲಾಖೆಗೆ ಸೇರಿದ್ದು."

"ಸಾರ್, ನಾವು ಇರೋದೇ ಬೀದಿಯಲ್ಲಿ. ನಮಗೆ ಪರಿಸರ ಅಂದ್ರೆ ಅದೇ ಸಾರ್."

"ಕೂತ್ಕೊಳ್ಳಿ."

ಕೂತರು. ನನಗೆ ಮೈಯೆಲ್ಲ ಉರಿಯಿತು. ಆ ಹಂಸದ ಕತ್ತು ಮುರಿದು ಕೈಗೆ ಕೊಡೋಣ ಅನ್ನಿಸಿತು.

ಆಗ ಮುಂದಿನ ಸಾಲಿನಿಂದ ಉಡುಮಲೆ ಕಡೆಯ ತೋಟದ ಯಜಮಾನರೊಬ್ಬರು ಎದ್ದರು. ದೊಡ್ಡ ಮೀಸೆ, ಹೆಗಲ ಮೇಲೆ ಟವೆಲು. ಅಧ್ಯಕ್ಷರೇ ಅವರನ್ನು ಮಾತಾಡಲು ಕರೆಸಿದ್ದರು. ಅವರು ಮೈಕು ಹಿಡಿದು ಗುಡುಗಿದರು: "ಈ ಪರದೇಶದವನ ರೆಕ್ಕೆ ಸುತ್ತಿದರೆ ಮೋಡ ಎಲ್ಲಾ ಕೇರಳದ ಕಡೆ ಓಡಿಹೋಗುತ್ತೆ! ನಮ್ಮ ಗಾಳಿ, ನಮ್ಮ ಮಳೆ, ಎಲ್ಲಾ ಕದಿಯೋಕೆ ಬಂದಿದ್ದಾನೆ!"

ಚಪ್ಪಾಳೆಯೋ ಚಪ್ಪಾಳೆ. ಅಧಿಕಾರಿ ಸಮಾಧಾನವಾಗಿ ಹೇಳಿದರು: "ಅಯ್ಯಾ, ಇಲ್ಲಿ ರೆಕ್ಕೆ ತಯಾರು ಮಾಡ್ತಾರೆ ಅಷ್ಟೇ, ಸುತ್ತೋದಿಲ್ಲ."

"ಎಲ್ಲೋ ಒಂದು ಕಡೆ ಸುತ್ತುತ್ತಲ್ಲಾ? ಅಲ್ಲಿನ ಮೋಡ ಓಡುತ್ತಲ್ಲಾ?"

ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ಅಧಿಕಾರಿಯ ಕಿವಿಯಲ್ಲಿ ಏನೋ ಹೇಳಿದರು. ಅಧಿಕಾರಿ ಕನ್ನಡಕ ತೆಗೆದು ಕೇಳಿದರು: "ಯಜಮಾನರೇ, ನಿಮ್ಮ ತೋಟದಲ್ಲೇ ಗಾಳಿಯಂತ್ರ ನಿಂತಿದೆಯಂತಲ್ಲ?"

ಮಂಟಪದ ಕತ್ತುಗಳೆಲ್ಲ ಅವರ ಕಡೆ ತಿರುಗಿದವು. ಯಜಮಾನರು ಒಂದು ಚೂರೂ ಅಳುಕಲಿಲ್ಲ. ಟವೆಲು ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೇಳಿದರು: "ಅದು ಬೇರೆ ವಿಷಯ ಸಾರ್. ಅದು ಬಾಡಿಗೆ ಕೊಡ್ತದೆ. ಬಾಡಿಗೆ ಕೊಡೋ ಯಂತ್ರಕ್ಕೆ ಮೋಡ ಹೆದರೋದಿಲ್ಲ."

೩. ಅಮಾವಾಸ್ಯೆಯ ಉಪವಾಸ

ಸಭೆಯಿಂದ ಏನೂ ಗಿಟ್ಟಲಿಲ್ಲ. ಪಂದಲು, ಅಂದರೆ ಚಪ್ಪರ, ಹಾಕಿ ಉಪವಾಸ ಕೂರುವುದೆಂದು ತೀರ್ಮಾನವಾಯಿತು. ಜನ ಸೇರಬೇಕಲ್ಲ? ಅಮಾವಾಸ್ಯೆಯ ದಿನ ಮಗ್ಗಗಳಿಗೆಲ್ಲ ರಜೆ. "ಅವತ್ತೇ ಕೂರೋಣ, ಪಂದಲು ತುಂಬುತ್ತೆ," ಎಂದರು ಅಧ್ಯಕ್ಷರು. ಬುದ್ಧಿವಂತಿಕೆ ಅಂದರೆ ಇದು ಎಂದು ಸಮಿತಿ ತಲೆದೂಗಿತು.

ಮನೆಯಲ್ಲಿ ಅಡುಗೆ ಮಾಡುವ ಒಬ್ಬ ಹೆಂಗಸನ್ನು ಕೇಳಿದ್ದರೂ ಸಾಕಿತ್ತು, ಆ ದಿನ ಬೇಡ ಎನ್ನುತ್ತಿದ್ದಳು. ನಮ್ಮಲ್ಲಿ ಅಮಾವಾಸ್ಯೆಯ ದಿನ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಕಾಗೆಗೆ ಅನ್ನ ಹಾಕಿ, ಅದು ಮುಟ್ಟಿದ ಮೇಲೆ ಹಿರಿಯ ಮಗ ಮೊದಲು ಉಣ್ಣಬೇಕು. ಆತ ಉಣ್ಣುವವರೆಗೆ ಮನೆಯಲ್ಲಿ ಯಾರೂ ಎಲೆಯ ಮುಂದೆ ಕೂರುವ ಹಾಗಿಲ್ಲ.

ಬೆಳಿಗ್ಗೆ ಪಂದಲು ತುಂಬಿತು. ಅಧ್ಯಕ್ಷರು ನಡುವೆ, ಅಕ್ಕಪಕ್ಕ ಸಮಿತಿಯವರು, ತುದಿಯಲ್ಲಿ ನಮ್ಮನೆಯವರು. ಪೇಪರಿನವರೂ ಬಂದರು. ಮೈಕಿನಲ್ಲಿ ಘೋಷಣೆ, ಹಣೆಯ ಮೇಲೆ ಬೆವರು, ಎಲ್ಲ ಚೆನ್ನಾಗಿಯೇ ನಡೆದಿತ್ತು. ಹೊತ್ತು ನೆತ್ತಿಯಿಂದ ಇಳಿಯಿತು. ಆಗ ಅಧ್ಯಕ್ಷರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. ಕೈಯಲ್ಲಿ ಟಿಫನ್ ಕ್ಯಾರಿಯರು.

"ಏಳಿ, ಊಟಕ್ಕೆ ಬನ್ನಿ."

"ಏ, ನಾನು ಉಪವಾಸ ಇದ್ದೀನಿ ಕಣೇ!" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದರು ಅಧ್ಯಕ್ಷರು. ಎದುರಿಗಿದ್ದ ಮೈಕು ಚಾಲೂ ಇತ್ತು, ಊರಿಗೆಲ್ಲ ಕೇಳಿಸಿತು.

"ನೀವು ಇರಿ, ಯಾರು ಬೇಡ ಅಂದ್ರು? ನಿಮ್ಮಪ್ಪನೂ ಉಪವಾಸ ಇದ್ದಾರಾ? ಕಾಗೆ ಮುಟ್ಟಿ ಆಗಲೇ ಎಷ್ಟೋ ಹೊತ್ತಾಯ್ತು. ಮನೆ ತುಂಬಾ ಜನ ಬಾಯಿ ಬಿಟ್ಕೊಂಡು ಕೂತಿದ್ದಾರೆ. ಮಕ್ಕಳು ಅಳ್ತಾವೆ."

"ಪೇಪರಿನವರು ಇದ್ದಾರೆ ಕಣೇ..."

"ಅವರಿಗೂ ಒಂದು ಎಲೆ ಹಾಕ್ತೀನಿ, ಏಳಿ."

ಅಧ್ಯಕ್ಷರು ಪಂದಲಿನ ಹಿಂದಕ್ಕೆ ಹೋದರು. ಅವರು ಹೋಗುವುದನ್ನೇ ಕಾಯುತ್ತಿದ್ದ ಹಾಗೆ ಇನ್ನೊಬ್ಬರ ಹೆಂಡತಿ ಬಂದರು, ಆಮೇಲೆ ಮತ್ತೊಬ್ಬರ ಅಮ್ಮ. ಸಮಿತಿಯಲ್ಲಿದ್ದವರೆಲ್ಲ ಅವರವರ ಮನೆಯ ಹಿರಿಯ ಮಕ್ಕಳು ಎಂದು ಊರಿಗೆ ಗೊತ್ತಾದದ್ದೇ ಅವತ್ತು. ಪಂದಲಿನ ಹಿಂದೆ ಸಾಂಬಾರಿನ ಘಮ, ವಡೆಯ ಘಮ. ಮುಂದೆ ಉಳಿದವರು ಯಾರು? ಎರಡನೆಯ ಮಗನಾಗಿ ಹುಟ್ಟಿದ ನಮ್ಮನೆಯವರು ಒಬ್ಬರೇ.

ಪೇಪರಿನವರು ವಡೆ ತಿಂದು ಕೈ ಒರೆಸಿಕೊಂಡು ಬಂದು ಫೋಟೋ ಹೊಡೆದರು. ಮಾರನೆಯ ದಿನ ಪೇಪರಿನಲ್ಲಿ ಖಾಲಿ ಪಂದಲು, ಬಾಡಿದ ಮುಖದ ನಮ್ಮನೆಯವರು, ಕೆಳಗೆ ಅಧ್ಯಕ್ಷರ ಹೆಸರು! ನಮ್ಮ ಅತ್ತೆ ತಮಿಳು ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು, ಆಮೇಲೆ ಜಗಲಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು:

"ಹಸ್ತಿದ್ದು ನನ್ನ ಮಗ, ಹೆಸರು ಅವಂದಾ? ಹಂಗಾದ್ರೆ ಇವ ಇವತ್ತು ಅವರ ಮನೇಲೇ ಉಣ್ಲಿ!"

೪. ಶಿಫ್ಟು ಮುಗಿದ ಮೇಲೆ

ಕಾರ್ಖಾನೆಯ ಗೇಟು ತೆರೆಯಿತು. ಸಮಿತಿಯವರ ಸಿಟ್ಟು ದಿನದಿಂದ ದಿನಕ್ಕೆ ಹೆಚ್ಚಾಯಿತು, ಸಭೆಗೆ ಬರುವವರು ಮಾತ್ರ ಕಡಿಮೆಯಾದರು. ಬಿಸ್ಕತ್ತಿನ ಡಬ್ಬಿಯವರು ಕ್ಯಾಂಟೀನಿಗೆ ಹಾಲು ಹಾಕತೊಡಗಿದರು. ಖಜಾಂಚಿಯವರ ಎರಡು ಕಾರು ಕಂಪನಿಯಲ್ಲಿ ಓಡತೊಡಗಿದವು. ಕಾರ್ಯದರ್ಶಿಯವರ ಅಳಿಯ ಗೇಟಿನಲ್ಲಿ ಸೆಲ್ಯೂಟು ಹೊಡೆಯತೊಡಗಿದ. ಪರದೇಶದ ದೊಡ್ಡ ಸಾಹೇಬರು, ಬೀದಿಯವರ ಬಾಯಲ್ಲಿ 'ದೊರೆ', ಅಧ್ಯಕ್ಷರದೇ ಮಹಡಿಯ ಮನೆಗೆ ಬಾಡಿಗೆಗೆ ಬಂದರು. ಓಡು ಎಂದು ಬ್ಯಾನರು ಕಟ್ಟಿದವರು ಅವರಿಗೆ ಬಿಸಿನೀರಿನ ಗೀಸರು ಹಾಕಿಸಿಕೊಟ್ಟರು.

ನಮ್ಮನೆಯವರು ಮಾತ್ರ ಬಿಡಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ ಕಾಲುವೆ ದಾರಿ, ಕಾಲುವೆ ದಾರಿ ಎಂದು ಹೇಳುತ್ತಾ ತಿರುಗುತ್ತಿದ್ದರು. ಒಂದು ದಿನ ಅಧ್ಯಕ್ಷರ ಬಾಗಿಲಿಗೇ ಹೋದರು. "ಅಣ್ಣಾ, ಸರ್ವೆಯವರು ಬಂದು ನಮ್ಮ ಜಗಲಿಗೆಲ್ಲ ಕೆಂಪು ಗುರುತು ಹಾಕಿ ಹೋದ್ರು. ನಾಳೆ ಸಭೆ ಕರೀರಿ."

"ಖಂಡಿತ ಕರೀಬೇಕು! ಪರದೇಶದವನನ್ನ ಬಿಡಬಾರದು!" ಎಂದು ಅಧ್ಯಕ್ಷರು ಮುಷ್ಟಿ ಎತ್ತಿದರು. ಆಮೇಲೆ ಮಹಡಿಯ ಕಡೆ ನೋಡಿ ದನಿ ತಗ್ಗಿಸಿದರು. "ಆದ್ರೆ ಬೆಳಿಗ್ಗೆ ಬೇಡ. ನಮ್ಮವರೆಲ್ಲ ಬರಬೇಕಲ್ಲ, ಕಾರ್ಖಾನೆ ಶಿಫ್ಟು ಬಿಟ್ಟ ಮೇಲೆ ಇಡೋಣ."

೫. ಕನ್ನಡದ ಆಫೀಸರು

ಬೀದಿಯವರ ಮನಸ್ಸು ಒಲಿಸಲು ಕಂಪನಿಯವರು ಒಬ್ಬ ಆಫೀಸರನ್ನು ಕಳಿಸಿದರು. ಮೈಸೂರಿನ ಕಡೆಯ ಹುಡುಗ, ಇಸ್ತ್ರಿ ಮಾಡಿದ ಷರಟು, ನಗುಮುಖ. ಈ ಬೀದಿಯಲ್ಲಿ ಕನ್ನಡದವರಿದ್ದಾರೆ ಎಂದು ಯಾರೋ ಹೇಳಿದ್ದೇ ತಡ, ಕುಣಿದಾಡಿಕೊಂಡು ಕನ್ನಡದಲ್ಲೇ ಕರಪತ್ರ ಅಚ್ಚು ಹಾಕಿಸಿ, ಮನೆಮನೆಗೂ ಹಂಚಿಸಿಬಿಟ್ಟಿದ್ದ. ಯಾರೂ ಓದಲಾರರು ಎಂದು ಅವನಿಗೆ ಹೇಗೆ ಗೊತ್ತಾಗಬೇಕು?

ಅತ್ತೆಯ ಕೈಗೂ ಒಂದು ಬಂತು. ಅತ್ತೆಯವರದು ಬಣ್ಣ ಹಾಕುವ ಕೆಲಸ. ಹಿತ್ತಲ ಹಂಡೆಯಲ್ಲಿ ನೂಲಿನ ಲಡಿಗಳನ್ನು ಅದ್ದಿ ಅದ್ದಿ ಕೈ ಮೊಳಕೈವರೆಗೂ ಕೆಂಪಾಗಿರುತ್ತದೆ. ಆ ಕೈಯಲ್ಲೇ ಕಾಗದ ಹಿಡಿದು, ತಿರುಗಿಸಿ, ತಲೆಕೆಳಗು ಮಾಡಿ ನೋಡಿ, ಮರುಗಿದರು.

"ಪಾವಂ, ಆ ದೊರೆ ಅವರೂರ ಅಕ್ಷರದಾಗೇ ಬರ್ದವ್ರೆ. ಯಾವ ದೇಶಾನೋ ಏನೋ, ಸುತ್ತಿ ಸುತ್ತಿ ಜಿಲೇಬಿ ಹಂಗೈತೆ."

"ಅತ್ತೆ, ಅದು ಕನ್ನಡ," ಎಂದೆ.

"ಯಾರಿಗೆ ಕಥೆ ಹೇಳ್ತೀಯಾ? ಕನ್ನಡ ನಂಗೆ ತಿಳೀದಾ?"

ನನಗೆ ನಗುವೂ ಬಂತು, ಬೇಜಾರೂ ಆಯಿತು. ಎಷ್ಟೋ ವರ್ಷಕ್ಕೆ ಈ ಬೀದಿಗೆ ಕನ್ನಡ ಅಕ್ಷರ ಬಂತಲ್ಲ ಎಂದು ಆಸೆಯಿಂದ ಓದಿದರೆ, ಜಗಲಿ ಒಡೆಯುತ್ತೇವೆ ಎಂಬುದನ್ನು ಸಿಹಿ ಸಿಹಿಯಾಗಿ ಬರೆದಿದ್ದರು.

ಅಷ್ಟರಲ್ಲಿ ಆಫೀಸರು ನಮ್ಮ ಬಾಗಿಲಿಗೇ ಬಂದ. ಅತ್ತೆಗೆ ಕೈಮುಗಿದು ಭಾಷಣಕ್ಕೆ ನಿಂತ. "ಅಮ್ಮಾ, ನಮ್ಮ ಸಂಸ್ಥೆಯು ಸ್ಥಳೀಯ ಸಮುದಾಯದ ಸರ್ವಾಂಗೀಣ ಅಭಿವೃದ್ಧಿಗೆ ಬದ್ಧವಾಗಿದೆ. ಪ್ರಾಯೋಗಿಕ ಸಂಚಾರವನ್ನು ಸೋಮವಾರದಂದು ಹಮ್ಮಿಕೊಳ್ಳಲಾಗಿದ್ದು, ತಮ್ಮ ಸಹಕಾರವನ್ನು ಕೋರುತ್ತೇವೆ."

ಅತ್ತೆ ನನ್ನ ಕಡೆ ತಿರುಗಿದರು. "ಏ ಹುಡುಗಿ, ಏನಂತಾನೆ ಇವ?" ನನಗೆ ಮೊಮ್ಮಕ್ಕಳಾದರೂ ಅವರಿಗೆ ನಾನಿನ್ನೂ ಹುಡುಗಿಯೇ.

"ಸೋಮವಾರ ಮೊದಲನೇ ಲಾರಿ ಬಿಡ್ತಾರಂತೆ ಅತ್ತೆ, ಸುಮ್ಮನೆ ಇರಿ ಅಂತಾನೆ." ಕನ್ನಡದಿಂದ ಕನ್ನಡಕ್ಕೆ ಹೇಳಿದೆ.

"ಇಷ್ಟಕ್ಕೆ ಅಷ್ಟು ಉದ್ದ ಎಳೀಬೇಕಾ?"

ಆಫೀಸರಿಗೆ ಸ್ವಲ್ಪ ಅವಮಾನವಾಯಿತು. ಅತ್ತೆಯ ಹತ್ತಿರ ಬಗ್ಗಿ, ಬಿಡಿಸಿ ಬಿಡಿಸಿ ಕೇಳಿದ: "ಅಮ್ಮಾ, ತಾವು ಕನ್ನಡ ಮಾತನಾಡುವುದಿಲ್ಲವೇ?"

ಅತ್ತೆಗೆ ಆ 'ಕನ್ನಡ' ಎನ್ನುವ ಮಾತು ಮಾತ್ರ ಸರಿಯಾಗಿ ತಿಳಿಯಿತು. ಸೊಂಟಕ್ಕೆ ಕೈ ಕೊಟ್ಟು ಹೇಳಿದರು: "ಪೇಸ್ತೀನಲ್ಲ! ನೀ ಯಾವಾಗ ಕನ್ನಡ ಪೇಸ್ತೀಯೋ ಅಂತಲೇ ಆಗ್ಲಿಂದ ನಿಂತಿದ್ದೀನಿ."

೬. ಬಿಳಿ ರೆಕ್ಕೆ, ಅರಗಿನ ಬಣ್ಣ

ಸೋಮವಾರ ಬಂತು. ಆ ಲಾರಿ ಒಂದು ಸಲ ಸಲೀಸಾಗಿ ದಾಟಿತೆಂದರೆ ನಮ್ಮ ಬೀದಿ ನಮ್ಮದಲ್ಲ. ಮಾರನೆಯ ದಿನವೇ ಜಗಲಿ ಒಡೆಯುವ ಯಂತ್ರ ಬರುತ್ತದೆ ಎಂದು ಸುದ್ದಿ ಇತ್ತು. ನಮ್ಮನೆಯವರು ಹಿಂದಿನ ದಿನ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ.

ಅಧ್ಯಕ್ಷರು ರಸ್ತೆ ತಡೆಗೆ ಒಪ್ಪಿದ್ದರು. ಏನಾದರೂ ಮಾಡಿ ತೋರಿಸದಿದ್ದರೆ, ಮುಂದಿನ ಚುನಾವಣೆಗೆ ನಿಲ್ಲಬೇಕೆಂದಿದ್ದ ಅವರು ಮುಖ ಎತ್ತುವ ಹಾಗಿರಲಿಲ್ಲ. ಆದರೆ ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. "ರಾಹುಕಾಲದಲ್ಲಿ ಲಾರಿ ತಡೆದ್ರೆ ತಡೆ ನಿಲ್ಲೋದಿಲ್ಲ. ಒಂಬತ್ತಕ್ಕೆ ಬರ್ತೀವಿ," ಎಂದರು.

ಕಂಪನಿಯ ಲಾರಿ ಕಾಂಟ್ರಾಕ್ಟರೂ ಈ ಕಡೆಯವರೇ ಅಲ್ಲವೇ? ಅವರೂ ಅದೇ ರಾಹುಕಾಲಕ್ಕೆ ಹೆದರಿ, ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು, ಏಳೂವರೆಗೆ ಮೊದಲೇ ಲಾರಿ ಹೊರಡಿಸಿಬಿಟ್ಟರು. ಹೀಗಾಗಿ ಲಾರಿ ಬೀದಿಯ ಬಾಯಿಗೆ ಬಂದಾಗ ತಡೆಯಬೇಕಾದವರು ಮನೆಯಲ್ಲಿ ಪಂಚಾಂಗ ಹಿಡಿದು ಕೂತಿದ್ದರು.

ಬೀದಿಯಲ್ಲಿ ಇದ್ದದ್ದು ಹಾಸು ಮಾತ್ರ. ಯಾವ ಹೋರಾಟಕ್ಕೂ ಅಲ್ಲ, ದಿನದ ಹಾಗೆ ಬೀದಿಯ ಆಚೆ ಅರ್ಧದಲ್ಲಿ ಹಾಸಿದ್ದೆವು. ಗಂಜಿ ಇನ್ನೂ ಹಸಿ.

ಮುಂದೆ ಓಡಿಬಂದ ಕಂಪನಿಯ ಆಳುಗಳು ಲಾರಿಗೆ ಅಗಲ ಸಾಲದೆಂದು ಜಗಲಿಗಳ ಪಕ್ಕ ನಾವು ಲಡಿ ಒಣಗಿಸಲು ನೆಟ್ಟಿದ್ದ ಬಿದಿರಿನ ಗಳಗಳನ್ನೆಲ್ಲ ಕಿತ್ತು ಆಚೆ ಪೇರಿಸಿದರು. ಲಾರಿ ಒಳಗೆ ಬಂತು. ಹಿಂದೆ ಆ ರೆಕ್ಕೆ. ಅಬ್ಬಬ್ಬಾ! ಹಾಲಿನಂಥ ಬಿಳುಪು, ಒಂದು ಕಲೆ ಇಲ್ಲ. ದಪ್ಪ ಬುಡ ಲಾರಿಯ ಮೇಲೆ, ಬರಬರುತ್ತಾ ಸಣ್ಣಗಾಗಿ ತುದಿ ನಮ್ಮ ಜಗಲಿಯ ಪಕ್ಕಕ್ಕೆ. ಹಾಸಿನ ಮುಂದೆ ಬಂದು ಡ್ರೈವರು ಬ್ರೇಕು ಹಾಕಿದ.

ಕನ್ನಡದ ಆಫೀಸರು ಇಳಿದು ಬಂದ. "ಇದನ್ನು ಬೇಗ ಸುತ್ತಿ ತೆಗೀರಿ."

"ಗಂಜಿ ಹಸಿ ಇದೆ ಸಾರ್," ಎಂದರು ನಮ್ಮನೆಯವರು. "ಈಗ ಸುತ್ತಿದ್ರೆ ಒಂದಕ್ಕೊಂದು ಅಂಟಿ ಹಗ್ಗ ಆಗ್ತದೆ. ಬಿಸಿಲು ಏರ್ಲಿ."

"ಹಾಗಾದ್ರೆ ಅದರ ಮೇಲೇ ಓಡಿಸು," ಎಂದ ಆಫೀಸರು ಡ್ರೈವರಿಗೆ.

ಡ್ರೈವರು ವೆಳ್ಳಕೋಯಿಲಿನವನು, ಅದೂ ಮಗ್ಗದ ಊರೇ. ಕೈ ಮುಗಿದುಬಿಟ್ಟ. "ಬೇರೆ ಏನಾದ್ರೂ ಹೇಳಿ ಸಾರ್. ಒಂದು ಸಲ ನೂಲಿನ ಮೇಲೆ ಓಡಿಸಿ, ಅದು ಚಕ್ರದೊಳಗೆ ಸುತ್ತಿಕೊಂಡು, ಇಡೀ ದಿನ ಲಾರಿ ಕೆಳಗೆ ಮಲಗಿ ಬಿಡಿಸಿದ್ದೀನಿ. ಹೆಂಡತಿ ಬಂದರೂ ಕೆಳಗಿಂದಲೇ ಮಾತಾಡಿದ್ದೀನಿ." ಎಂಜಿನ್ ಆರಿಸಿ ಚಹಾ ಕುಡಿಯಲು ಹೋದ. ಆಫೀಸರು ಫೋನು ಹಿಡಿದು ದೊರೆಯನ್ನು ಕರೆಯಲು ಬೀದಿಯ ಬಾಯಿಗೆ ಓಡಿದ.

ಆಗ ಅತ್ತೆ ಹಿತ್ತಲಿಂದ ಬಂದರು. ಎರಡೂ ಕೈಯಲ್ಲಿ ಬಕೆಟ್ಟು, ಒಳಗೆ ಆಗತಾನೆ ಹಂಡೆಯಿಂದ ತೆಗೆದ ಅರಗಿನ ಬಣ್ಣದ ಕಡುಗೆಂಪು ಲಡಿಗಳು. ನೋಡಿದರೆ ಗಳಗಳೇ ಇಲ್ಲ.

"ಯಾವನೋ ನನ್ನ ಗಳ ಕಿತ್ತವ? ನೂಲು ಎಲ್ಲಿ ಹಾಕ್ಲಿ, ನಿನ್ನ ತಲೆ ಮೇಲಾ?"

ಆಳುಗಳು ಆ ಕಡೆ ಈ ಕಡೆ ನೋಡಿದರು. ಅತ್ತೆಯೂ ಆ ಕಡೆ ಈ ಕಡೆ ನೋಡಿದರು. ಎದುರಿಗೆ ಉದ್ದವಾದ, ನುಣ್ಣನೆಯ, ಮುಳ್ಳಿಲ್ಲದ, ಬಿಸಿಲು ಚೆನ್ನಾಗಿ ಬೀಳುವ ವಸ್ತು ಒಂದಿತ್ತು. ಆಣೆಯಿಟ್ಟು ಹೇಳುತ್ತೇನೆ, ಅವರ ಮನಸ್ಸಿನಲ್ಲಿ ಹಗೆ ಇರಲಿಲ್ಲ, ಹೋರಾಟ ಇರಲಿಲ್ಲ. ಅವರ ಕಣ್ಣಿಗೆ ಅದು ಗಳವಾಗಿ ಕಂಡಿತು, ಅಷ್ಟೇ. ಜಗಲಿ ಹತ್ತಿ ಒಂದು ಲಡಿ ತೂಗುಹಾಕಿದರು. ಚೆನ್ನಾಗಿ ನಿಂತಿತು. ಇನ್ನೊಂದು ಹಾಕಿದರು. "ಏ ಹುಡುಗಿ, ಏನು ನೋಡ್ತಾ ನಿಂತೆ? ಕೊಡು ಇತ್ಲಾಗೆ!" ನಾನು ಕೊಟ್ಟೆ. ಪಕ್ಕದ ಮನೆಯವರೂ ಬಕೆಟ್ಟು ತಂದರು. ಅವರದು ಅರಿಶಿನ ಬಣ್ಣ, ಆಚೆ ಮನೆಯವರದು ಗಿಳಿಹಸಿರು. ಸ್ವಲ್ಪ ಹೊತ್ತಿನಲ್ಲೇ ತುದಿಯಿಂದ ಕೈಗೆಟಕುವವರೆಗೆ ರೆಕ್ಕೆ ಕಾಣದಂತಾಯಿತು.

ಒಂಬತ್ತಕ್ಕೆ ಸರಿಯಾಗಿ ಅಧ್ಯಕ್ಷರು ಮೆರವಣಿಗೆಯಲ್ಲಿ ಬಂದರು. ಲಾರಿಯ ಮೇಲೆ ಬಣ್ಣಬಣ್ಣದ ನೂಲು ತೂಗುವುದನ್ನು ಕಂಡು ಕೆಂಡವಾದರು. "ಪರದೇಶದವನಿಗೆ ತೋರಣ ಕಟ್ಟಿ ಸ್ವಾಗತ ಮಾಡ್ತೀರಾ? ದ್ರೋಹಿಗಳು! ನೀವೆಲ್ಲ ದ್ರೋಹಿಗಳು!"

ಅವರ ಬೆನ್ನ ಹಿಂದೆಯೇ ದೊರೆಯ ಕಾರು ನಿಂತಿತು. ಉದ್ದನೆಯ ಮನುಷ್ಯ, ಕೆಂಪಗಿನ ಮುಖ. ಬಂದವರು ತಮ್ಮ ರೆಕ್ಕೆಗೆ ಒಂದು ಸುತ್ತು ಬಂದರು. ಆಫೀಸರು ಕಿರುಚಾಡಿ ಲಡಿಗಳನ್ನೆಲ್ಲ ತೆಗೆಸಿದ. ಕೆಳಗೆ ಹಾಲಿನಂಥ ರೆಕ್ಕೆಯ ಮೇಲೆ ಅರಗು, ಅರಿಶಿನ, ಗಿಳಿಹಸಿರು ಧಾರೆಧಾರೆಯಾಗಿ ಇಳಿದಿತ್ತು. ಸೋಪು ಹಾಕಿದರು. ಸೀಮೆಎಣ್ಣೆ ಹಾಕಿದರು. ಲಾರಿಯ ಜೊತೆಗೆ ಕುರಿಚಿ ಎಂಬ ಊರಿನಿಂದ ಬಂದಿದ್ದ ಕ್ರೇನಿನವನ ಹತ್ತಿರ ಥಿನ್ನರು ಇಸಿದುಕೊಂಡು ತಿಕ್ಕಿದರು. ಅರಿಶಿನ ಹೋಯಿತು, ಹಸಿರು ಮಾಸಿತು, ಅರಗು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ದೊರೆ ಏನೋ ಕೇಳಿದರು. ಆಫೀಸರು ಬೆವರು ಒರೆಸಿಕೊಳ್ಳುತ್ತಾ ಈ ಸಲ ಸಣ್ಣ ಕನ್ನಡದಲ್ಲೇ ಹೇಳಿದ: "ಈ ರೆಕ್ಕೆಯನ್ನ ಗಿರಾಕಿ ತಗೊಳ್ಳೋದಿಲ್ಲ. ನೀವು ದಿನಾ ಹೀಗೆ ಒಣಗಿಸ್ತೀರಾ ಅಂತ ಕೇಳ್ತಿದ್ದಾರೆ."

ನಮ್ಮನೆಯವರು ಯೋಚಿಸಿ ಪ್ರಾಮಾಣಿಕವಾಗಿ ಹೇಳಿದರು: "ಮಳೆ ಬಂದ್ರೆ ಇಲ್ಲ ಸಾರ್."

ಆಫೀಸರು ಅದನ್ನು ಹಾಗೇ ಒಪ್ಪಿಸಿದ. ದೊರೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಹಸಿ ಹಾಸು, ಸಾಲು ಬಕೆಟ್ಟು, ಪ್ರತಿ ಬಾಗಿಲಲ್ಲೂ ಬಣ್ಣದ ಕೈಯ ಹೆಂಗಸರು. ತಲೆ ಅಲ್ಲಾಡಿಸಿ ಎರಡು ಮಾತು ಹೇಳಿ ಕಾರು ಹತ್ತಿದರು. ಆಫೀಸರು ಹೇಳಿದ: "ಕಾಲುವೆ ದಾರಿಯಲ್ಲೇ ಹೋಗೋಣ ಅಂದ್ರು. ಸೇತುವೆ ಅಗಲ ಮಾಡಿಸ್ತಾರಂತೆ."

ಬೀದಿಗೆ ಬೀದಿಯೇ ಹೋ ಎಂದಿತು. ಅಧ್ಯಕ್ಷರು ಆಗಲೇ ಮೈಕು ಕೇಳುತ್ತಿದ್ದರು. ನಮ್ಮನೆಯವರು ಕೆಂಪು ಗುರುತಿನ ಜಗಲಿಯ ಮೇಲೆ ಕುಸಿದು ಕೂತರು. ಕಣ್ಣಲ್ಲಿ ನೀರು. ನಾನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಲೇ ನಕ್ಕೆ.

ನಗದೆ ನಿಂತಿದ್ದವರು ಅತ್ತೆ ಒಬ್ಬರೇ. ಕಂಪನಿಯ ಇಬ್ಬರು ಆಳುಗಳು ಇನ್ನೂ ಥಿನ್ನರು ಬಟ್ಟೆ ಹಿಡಿದು ಆ ಅರಗಿನ ಕಲೆಯನ್ನು ಉಜ್ಜುತ್ತಲೇ ಇದ್ದರು. ಉಜ್ಜಿದರೆ ಹೋಗುತ್ತದೋ ಏನೋ ಎಂದು ತಮ್ಮ ಬಣ್ಣದ ಮೇಲೇ ಅನುಮಾನ ಪಡುತ್ತಿದ್ದಾರೆ ಎಂದು ಅತ್ತೆಗೆ ತುಂಬಾ ಬೇಜಾರಾಗಿತ್ತು. ಹೊರಡುತ್ತಿದ್ದ ದೊರೆಯ ಕಾರಿನ ಕಿಟಕಿಗೆ ಕೆಂಪು ಕೈಯಲ್ಲಿ ಬಡಿದು, ನಿಲ್ಲಿಸಿ, ಹೇಳಿದರು:

"ಸಾಮಿ, ಯಾವನ ಮಾತೂ ನಂಬಬೇಡ. ಇದು ನಾನು ಹಾಕಿದ ಬಣ್ಣ, ಗ್ಯಾರಂಟಿ. ಹತ್ತು ವರ್ಷ ಮಳೇಲಿ ಬಿಸಿಲಲ್ಲಿ ಸುತ್ತಿಸು, ಮಾಸೋದಿಲ್ಲ. ಮಾಸಿದ್ರೆ ತಗೊಂಡ್ಬಾ, ಕಾಸಿಲ್ದೆ ಇನ್ನೊಂದು ಸಲ ಹಾಕ್ಕೊಡ್ತೀನಿ!"